ಮಾನ್ಯಾಗೆ ಎಣ್ಣೆ ಹಚ್ಚುವವರು

ಶ್ರೀರಂಗ ಧಾರವಾಡದವನು, ಲಂಡನ್ನಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯ. ಮಗಳು ಮಾನ್ಯಾಗೆ ಕೂಸಾಗಿದ್ದಾಗಲೇ ಫಿಟ್ಸ್ ಶುರುವಾಗಿತ್ತು. ಮೂರು ವರ್ಷ ತುಂಬಿದರೂ ಅವಳಿಗೆ ಒರಗದೆ ಕೂರಲು ಬರುತ್ತಿರಲಿಲ್ಲ, ಮಾತೂ ಬಂದಿರಲಿಲ್ಲ. ಗುಳಿಗೆ ತಪ್ಪದೆ ನಡೆದಿತ್ತು. ವಾರಕ್ಕೊಮ್ಮೆ ಫಿಜಿಯೋದವಳು ಅವರ ಕ್ವೀನ್ಸ್‌ಬರಿಯ ಮನೆಗೆ ಬರುತ್ತಿದ್ದಳು.

ಆ ಚಳಿಗಾಲ ಅವನ ಹೆಂಡತಿ ಇಂದು, ಲಂಡನ್ನಿನದೇ ಟೂಟಿಂಗ್ ಬಡಾವಣೆಯಲ್ಲಿದ್ದ ಚಂದ್ರಿಕಾ ಎಂಬ ಆಯುರ್ವೇದ ವೈದ್ಯೆಯ ಹತ್ತಿರ ಮಗುವನ್ನು ಕರೆದೊಯ್ದಳು. ಚಂದ್ರಿಕಾ ಮೈಗೆ ಹಚ್ಚಲು ಎಣ್ಣೆ, ಹೊಟ್ಟೆಗೆ ಬ್ರಾಹ್ಮಿ ತುಪ್ಪ ಕೊಟ್ಟರು. ಆಸ್ಪತ್ರೆಯ ಗುಳಿಗೆ ಒಂದು ಹೊತ್ತೂ ತಪ್ಪಿಸಬಾರದು, ಅಲ್ಲಿನ ಡಾಕ್ಟರನ್ನು ಕೇಳದೆ ತುಪ್ಪದ ಬಾಟಲಿ ತೆಗೆಯಲೂ ಬಾರದು ಎಂದು ಹೇಳಿ ಕಳಿಸಿದರು.

ಶ್ರೀರಂಗನಿಗೆ ಸಿಟ್ಟು ಬಂತು. ತಾನೇ ಡಾಕ್ಟರಾಗಿದ್ದು ಇದನ್ನೆಲ್ಲ ಹೇಗೆ ಒಪ್ಪುವುದು ಎಂದ. ಮಗಳ ನರರೋಗ ತಜ್ಞೆ ಅವನಿಗೆ ಪರಿಚಯದವರು. ಅವರ ಮುಂದೆ ಇದರ ಮಾತೆತ್ತಬೇಡ ಎಂದೂ ಹೇಳಿದ.

"ನಾ ಏನೂ ಮುಚ್ಚಿಡಂಗಿಲ್ರೀ," ಎಂದಳು ಇಂದು. "ಗುಳಿಗಿನೂ ಹೇಳ್ತೀನಿ, ಎಣ್ಣಿನೂ ಹೇಳ್ತೀನಿ."

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ತಜ್ಞೆಗೆ ಹೇಳಿಯೇಬಿಟ್ಟಳು. ಶ್ರೀರಂಗ ಪಕ್ಕದಲ್ಲಿ ನೆಲ ನೋಡುತ್ತ ಕೂತಿದ್ದ. ತಜ್ಞೆ ಎರಡೂ ಬಾಟಲಿಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ತುಪ್ಪ ಬೇಡ, ಅದು ಗುಳಿಗೆಯ ಕೆಲಸ ಕೆಡಿಸಬಹುದು, ಲಿವರಿಗೂ ತೊಂದರೆಯಾದೀತು ಎಂದರು. ಎಣ್ಣೆ ಹಚ್ಚಲು ಅಡ್ಡಿಯಿಲ್ಲ, ಆದರೆ ಅದರಿಂದ ಫಿಟ್ಸ್ ನಿಲ್ಲುತ್ತದೆಂದು ನಂಬಬೇಡಿ ಎಂದರು. ಗುಳಿಗೆಯನ್ನೂ ಬದಲಿಸಿದರು. ಇಂದು ತುಪ್ಪವನ್ನು ಚಂದ್ರಿಕಾಗೆ ಮರಳಿಸಿದಳು. ಅವರು ಬೇಸರ ಮಾಡಿಕೊಳ್ಳಲಿಲ್ಲ.

ಫೆಬ್ರವರಿಯಲ್ಲಿ ಬಾಗಿಲ ಮುಂದಿನ ಮಂಜುಗಡ್ಡೆಯ ಮೇಲೆ ಇಂದು ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಎಣ್ಣೆ ಹಚ್ಚುವವರು ಯಾರೂ ಇರಲಿಲ್ಲ. ಎರಡು ದಿನ ನೋಡಿ ಕೊನೆಗೆ ಶ್ರೀರಂಗನೇ ಹೀಟರ್ ಹತ್ತಿರ ಟವೆಲ್ ಹಾಸಿ ಕೂತ. ಇಂದು ಸೋಫಾದ ಮೇಲಿಂದ ಹೇಳಿಕೊಟ್ಟಳು.

"ಪೇಶೆಂಟ್ ಅನಕೋಬ್ಯಾಡ್ರಿ," ಎಂದಳು. "ಕೈ ಸಡ್ಲ ಬಿಡ್ರಿ."

ಅವನು ಅಂಗಾಲಿನಿಂದ ಶುರುಮಾಡಿದ. ತೊಡೆಗೆ ಬರುವಷ್ಟರಲ್ಲಿ ಮಾನ್ಯಾ ಅವನ ಬೆರಳು ಹಿಡಿದುಕೊಂಡಳು. ಮತ್ತೆ ತಿಕ್ಕಿದಾಗ ಸದ್ದು ಮಾಡಿ ನಕ್ಕಳು. ಫಿಟ್ಸ್ ಬಂದಾಗ ಮಗ್ಗುಲಿಗೆ ತಿರುಗಿಸುವುದು, ಜ್ವರ ನೋಡುವುದು, ಔಷಧ ಕುಡಿಸುವುದು ಬಿಟ್ಟರೆ ತಾನು ಅವಳನ್ನು ಮುಟ್ಟಿ ಎಷ್ಟು ಕಾಲವಾಯಿತೆಂದು ಅವನಿಗೆ ನೆನಪಾಗಲಿಲ್ಲ. ಕೈ ಎಣ್ಣೆಯಾಗಿತ್ತು, ತೋಳಿನಿಂದ ಕಣ್ಣು ಒರೆಸಿಕೊಂಡ.

ಇಂದುವಿನ ಕೈ ಕೂಡಿದ ಮೇಲೂ ಅವನು ಆ ಕೆಲಸ ಬಿಡಲಿಲ್ಲ.

ಹೊಸ ಗುಳಿಗೆಯಿಂದ ಫಿಟ್ಸ್ ಬಹಳ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಬೇಸಿಗೆ ಹೊತ್ತಿಗೆ ಮಾನ್ಯಾ ಒರಗದೆ ಕೂರತೊಡಗಿದಳು. ಮಾತು ಇನ್ನೂ ಬಂದಿಲ್ಲ. ಕೂರುವಂತಾದದ್ದು ಎಣ್ಣೆಯಿಂದಲೋ ಫಿಜಿಯೋದಿಂದಲೋ ಎಂದು ಊರಿನಿಂದ ಫೋನ್ ಮಾಡಿದವರು ಕೇಳುತ್ತಾರೆ. ತನಗೆ ಗೊತ್ತಿಲ್ಲ ಎಂದು ಶ್ರೀರಂಗ ಇದ್ದದ್ದನ್ನೇ ಹೇಳುತ್ತಾನೆ.