ಬಿಳಿ ಧೂಳಿನ ಶನಿವಾರಗಳು

ಅಂಗಳದಲ್ಲಿ ಒಂದು ಕಡ್ಡಿ ಬಿದ್ದಿದ್ದರೂ ಆಲೈಡಾಳಿಗೆ ಸಮಾಧಾನವಿರುತ್ತಿರಲಿಲ್ಲ. ಅವಳೊಬ್ಬಳೇ ಏನು, ಟ್ವೆಂಟೆ ಸೀಮೆಯ ಆ ಊರಿನ ಹೆಂಗಸರೆಲ್ಲ ಹಾಗೇ. ಶನಿವಾರ ಗುಡಿಸುವುದು, ಭಾನುವಾರ ಚರ್ಚಿಗೆ ಹೋಗುವಾಗ ಪಕ್ಕದವರ ಅಂಗಳ ನೋಡಿ ಮೂಗು ಮುರಿಯುವುದು. ಕೆಸರು ತುಳಿದು ಸಾಕಾಗಿ, ಆಸ್ಬೆಸ್ಟಾಸ್ ಶೀಟಿನ ಕಾರ್ಖಾನೆಯವರು ಪುಕ್ಕಟೆ ಕೊಡುತ್ತಿದ್ದ ಕಲ್ನಾರಿನ ಪುಡಿಯನ್ನು ಗಂಡನ ಹತ್ತಿರ ಹಟಮಾಡಿ ತರಿಸಿ ಅಂಗಳಕ್ಕೆಲ್ಲ ಹಾಸಿಸಿದ್ದಳು. ಆಗಿನ್ನೂ ಮಗಳು ಫೆನ್ನಾ ತೊಟ್ಟಿಲಲ್ಲಿದ್ದಳು.

ಬೆಳೆದ ಮೇಲೆ ಗುಡಿಸುವ ಕೆಲಸ ಫೆನ್ನಾಳದೇ ಆಯಿತು. ಮಗ ಬೆರೆಂಡ್‌ಗೆ ಹೇಳಿದರೆ ಸೈಕಲ್ ಹತ್ತಿ ಮಾಯ. ಇವಳು ಪಾಪ, ಎದುರು ಮಾತಾಡಿದವಳೇ ಅಲ್ಲ. "ಬಗ್ಗಿ ಗುಡಿಸೇ, ಮೂಲೆ ಹಾಗೇ ಇದೆ," ಅಂತ ಆಲೈಡಾ ಕಿಟಕಿಯಿಂದಲೇ ಗದರುವಳು. ಬಿಳಿ ಧೂಳೆದ್ದು ಹುಡುಗಿ ಕೆಮ್ಮಿದರೆ, ನಾಟಕ ಸಾಕು ಅನ್ನುವಳು.

ನಲವತ್ಮೂರಕ್ಕೆ ಫೆನ್ನಾಳ ಶ್ವಾಸಕೋಶದ ಪೊರೆಗೆ ಕ್ಯಾನ್ಸರ್ ಬಂತು. "ಇದು ಕಲ್ನಾರಿನ ಧೂಳಿಂದಲೇ ಬರೋದು. ಕಾರ್ಖಾನೇಲಿ ಕೆಲಸ ಮಾಡಿದ್ರಾ?" ಅಂತ ಡಾಕ್ಟರು ಕೇಳಿದರು. ಇವಳದು ಬಟ್ಟೆ ಅಂಗಡಿಯ ಕೆಲಸ, ಅಪ್ಪ ಬೇಕರಿಯವನು. ಡಾಕ್ಟರು ತಲೆ ಕೆರೆದುಕೊಂಡರು. ಪಕ್ಕದಲ್ಲಿ ಕೂತಿದ್ದ ಆಲೈಡಾಳಿಗೆ ಅಂಗಳದ ಬಿಳಿ ಧೂಳು ನೆನಪಾಯಿತು.

ಮೂರು ವಾರ ಬಾಯಿ ಬಿಡಲಿಲ್ಲ. ಹೇಗೆ ಬಿಟ್ಟಾಳು? ಹೆತ್ತ ಕರುಳು, ಅಯ್ಯೋ, ಒಳಗೊಳಗೇ ಬೇಯುತ್ತಿತ್ತು. ಒಂದು ಮಧ್ಯಾಹ್ನ ಬಟಾಣಿ ಸೂಪು ಕುಡಿಸುತ್ತಿದ್ದಾಗ ಫೆನ್ನಾ, "ನಾನೇನು ತಪ್ಪು ಮಾಡ್ದೆ ಅಮ್ಮ?" ಅಂದಳು.

"ನೀನಲ್ಲ ಕಣೇ, ನಾನು," ಅಂದವಳು ಎಲ್ಲ ಹೇಳಿಬಿಟ್ಟಳು. ಅಂಗಳ, ಪುಡಿ, ಪೊರಕೆ, ಎಲ್ಲ. "ಬಯ್ಯೇ ನನ್ನ. ಬಾಯಿಗೆ ಬಂದ ಹಾಗೆ ಬಯ್ಯಿ."

ಫೆನ್ನಾ ಅಮ್ಮನ ಕೈಯಿಂದ ಚಮಚ ತೆಗೆದು ಬಟ್ಟಲಲ್ಲಿಟ್ಟಳು. ಆಮೇಲೆ ನಕ್ಕಳು. "ನೋಡಿದ್ಯಾ, ಆ ಸೋಮಾರಿ ಬೆರೆಂಡ್ ಬಚಾವಾದ!"

ಅಷ್ಟರಲ್ಲಿ ಅವಳ ಹದಿನಾಲ್ಕರ ಮಗಳು ಲೋಟೆ ಬಂದು ಸೂಪಿನ ಬಟ್ಟಲು ತೆಗೆದುಕೊಂಡು ಹೋದಳು. ಮಗಳ ಬೆನ್ನನ್ನೇ ನೋಡುತ್ತಿದ್ದ ಫೆನ್ನಾ ಬಿಳಿಚಿಕೊಂಡಳು. ಅಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಶನಿವಾರ ನಾನು ಅಂಗಡಿಗೆ ಹೋದ್ರೆ ಇವಳು ನಿನ್ನ ಹತ್ರಾನೇ ಇರ್ತಿದ್ಲು. ಇವಳ ಕೈಲೂ ಗುಡಿಸಿದ್ಯಾ ಅಮ್ಮ?"

ಸುಳ್ಳು ಹೇಳೋಣವೆಂದು ಆಲೈಡಾ ಬಾಯಿ ತೆರೆದಳು. ಆಗಲಿಲ್ಲ.

"ಅವಳ ಎತ್ತರಕ್ಕೆ ಅಂತ," ಅಂದಳು, "ಪುಟ್ಟದೊಂದು ಪೊರಕೆ ಮಾಡಿಸಿಕೊಟ್ಟಿದ್ದೆ ಕಣೇ."