ನನಗೆ ಮಾತ್ರ ಬಗ್ಗಿದ ಆಟ

ನಾನು ಒಂದು ಕೀಬೋರ್ಡ್. ಯಾವ ಊರಿನ ಕಾರ್ಖಾನೆಯಲ್ಲಿ ಹುಟ್ಟಿದೆನೋ, ಅದರ ಹೆಸರಿದ್ದ ಚೀಟಿ ನನ್ನ ಬೆನ್ನಿನಿಂದ ಎಂದೋ ಕಿತ್ತುಹೋಯಿತು. ಒಂದೊಂದೇ ಗುಂಡಿ ಕೂರಿಸುತ್ತ ಬಂದು, ಕೊನೆಗೆ ಅಡಿಯಲ್ಲಿ ಉದ್ದನೆಯ ಸ್ಪೇಸ್‌ಬಾರ್ ಒತ್ತಿ ಕೂರಿಸಿದರು. ‘ಟಕ್’ ಎಂದೆ. ಅದೇ ನನ್ನ ಮೊದಲ ಮಾತು. ಅಂದಿನಿಂದ ನನ್ನ ಜಂಬವೆಲ್ಲ ಆ ಉದ್ದ ಗುಂಡಿಯ ಮೇಲೆಯೇ. ಹೊಟ್ಟೆಕಿಚ್ಚು ಮಾತ್ರ ಹುಟ್ಟುಗುಣವಲ್ಲ. ಅದನ್ನು ನನಗೆ ಹಚ್ಚಿದವರು ಒಂದು ಮಾನಿಟರ್ ಮತ್ತು ಒಂದು ಜೊತೆ ಸ್ಪೀಕರ್.

ನನ್ನ ಮೊದಲ ಯಜಮಾನರು ಗುರುಸಿದ್ಧಪ್ಪ. ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ಲಗ್ನಪತ್ರಿಕೆ, ಕರಪತ್ರ ಟೈಪ್ ಮಾಡಿಕೊಡುವ ಅಂಗಡಿ ಅವರದು. ಕೆಳಗಿನಿಂದ ನನಗೆ ಕಾಣುತ್ತಿದ್ದುದು ಅವರ ಗಲ್ಲ, ಮೀಸೆ, ಎಲೆಅಡಿಕೆಯಿಂದ ಕೆಂಪಾದ ತುಟಿ ಇಷ್ಟೇ. ಅಂಗಡಿಯ ಮಾನಿಟರ್ ಮಂಕು, ಸ್ಪೀಕರ್ ಇರಲೇ ಇಲ್ಲ. ಹಾಗಾಗಿ ದಿನವಿಡೀ ಮಾತು ನನ್ನದೇ. ಎಂಥ ಸುಖದ ದಿನಗಳವು!

ಒಮ್ಮೆ ಮದುವೆಮನೆಯವರೊಬ್ಬರು, ಬಿಟ್ಟುಹೋದ ಸೋದರಮಾವಂದಿರ ಹೆಸರು ಸೇರಿಸಲು ಬಂದವರು, ಕೈ ಬೀಸಿ ಮಾತಾಡುತ್ತ ನನ್ನ ಮೇಲೆ ಚಹಾ ಚೆಲ್ಲಿದರು. ಗುರುಸಿದ್ಧಪ್ಪ ಒರೆಸಿದರು, ಬಿಸಿಲಿಗೂ ಇಟ್ಟರು. ಆದರೂ ಸ್ಪೇಸ್‌ಬಾರಿನ ಅಡಿಗೆ ಇಳಿದ ಸಕ್ಕರೆ ಅಲ್ಲೇ ಉಳಿಯಿತು. ಚಹಾ ಕುಡಿದರೆ ಲೋಕಕ್ಕೆಲ್ಲ ಚುರುಕು ಬರುತ್ತದಂತೆ, ನನಗೆ ಜಡತೆ ಬಂತು. ಒತ್ತಿದರೆ ಒಂದು ಚೂರು ಅಂಟಿಕೊಂಡೇ ಕೆಳಗಿಳಿಯುತ್ತಿದ್ದೆ. “ನಡೀತೈತಿ ಬಿಡು,” ಎಂದರು ಗುರುಸಿದ್ಧಪ್ಪ. ಟೈಪಿಂಗಿಗೆ ಅಷ್ಟು ಸಾಕಿತ್ತು.

ಅಂಗಡಿಗೆ ಹೊಸ ಕಂಪ್ಯೂಟರ್ ಬಂದಾಗ ಅವರು ನನ್ನನ್ನು ತಂಗಿಯ ಮಗಳು ವಚನಾಳಿಗೆ ಕೊಟ್ಟರು. ಅವಳು ಬಿ.ಕಾಂ. ಓದುತ್ತಿದ್ದ ಹುಡುಗಿ. ಅವಳ ಮೇಜಿನ ಮೇಲೆ ಅಗಲ ಮೋರೆಯ ಮಾನಿಟರ್ ಕೂತಿತ್ತು, ಅದರ ಎರಡೂ ಕಡೆ ಸ್ಪೀಕರ್. ನನ್ನನ್ನು ಅವುಗಳ ಕಾಲಡಿ ಇಟ್ಟಳು. ಆಗಲೇ ನನಗೆ ಸರಿಬೀಳಲಿಲ್ಲ.

ವಚನಾಳಿಗೆ ಒಂದು ಗೇಮಿನ ಹುಚ್ಚು. ಪುಟ್ಟ ಚೌಕವೊಂದು ಹಾಡಿನ ಜೊತೆ ತಾನಾಗಿ ಮುಂದಕ್ಕೆ ಓಡುತ್ತಿರುತ್ತದೆ. ಮುಳ್ಳು ಎದುರಾದಾಗ ಸ್ಪೇಸ್‌ಬಾರ್ ಒತ್ತಿದರೆ ಜಿಗಿಯುತ್ತದೆ, ತಪ್ಪಿದರೆ ಚೂರುಚೂರಾಗಿ ಮತ್ತೆ ಮೊದಲಿನಿಂದ ಓಡಬೇಕು. ಈ ಗೇಮಿಗೆ ಅಭಿಮಾನಿಗಳೇ ಹೊಸ ಹೊಸ ಓಟದ ಹಾದಿ, ಅಂದರೆ ಲೆವೆಲ್, ಕಟ್ಟುತ್ತಾರೆ. ವಚನಾಳೂ ಕಟ್ಟುತ್ತಿದ್ದಳು. ಹಾಡು ಕೇಳುತ್ತ ತಾಳಕ್ಕೆ ಸರಿಯಾಗಿ ನನ್ನನ್ನು ಒತ್ತುವಳು. ಒತ್ತಿದಲ್ಲೆಲ್ಲ ಪರದೆಯ ಮೇಲೊಂದು ಗೆರೆ ಬೀಳುವುದು. ಆ ಗೆರೆ ನೋಡಿಕೊಂಡು ಮುಳ್ಳು ನೆಡುವಳು. ಅಂದರೆ ಲೆವೆಲ್ಲಿನ ಬುನಾದಿಯೇ ನಾನು! ಬಣ್ಣ ಬಳಿಯುತ್ತಿದ್ದವಳು ಅವಳ ಗೆಳತಿ ಫರ್ಹಾನಾ. ಅವಳು ಮದುಮಕ್ಕಳಿಗೆ ಮೆಹಂದಿ ಹಾಕುವವಳು. ತನ್ನ ಮನೆಯ ಲ್ಯಾಪ್‌ಟಾಪಿನಲ್ಲೇ ಕೂತು ಬಳ್ಳಿ, ಹೂವು, ನವಿಲು ಬಿಡಿಸಿ ಕಳಿಸುತ್ತಿದ್ದಳು.

ಈ ಸಲ ಇಬ್ಬರಿಗೂ ಒಂದೇ ಹಟ. ಕನ್ನಡದ ಅಭಿಮಾನಿಗಳ ಬಳಗವೊಂದು ಒಳ್ಳೆಯ ಲೆವೆಲ್‌ಗಳನ್ನು ಆರಿಸಿ ಮಾಲೆ ಕಟ್ಟುತ್ತಿತ್ತು, ಅದರಲ್ಲಿ ತಮ್ಮದೂ ಇರಲೇಬೇಕು ಎಂದು. ವಚನಾ ಕಾಲೇಜಿನ ಡೊಳ್ಳಿನ ತಂಡದವರನ್ನು ಕಾಡಿಬೇಡಿ, ಅವರು ಬಾರಿಸಿದ್ದನ್ನು ಫೋನಿನಲ್ಲಿ ತುಂಬಿಕೊಂಡು ಬಂದಿದ್ದಳು. ಲೆವೆಲ್ ಮುಗಿಯಿತು. ನೋಡಿದವರೆಲ್ಲ “ಏನ್ ಬಣ್ಣಲೇ!” ಎಂದರು. ಮಾನಿಟರ್ ಬೀಗಿತು. “ಏನ್ ಡೊಳ್ಳು!” ಎಂದರು. ಸ್ಪೀಕರ್ ಮೇಜು ಅಲುಗುವಂತೆ ಗುಡುಗಿತು. “ಏನ್ ಜಿಗಿತ!” ಎಂದು ಒಬ್ಬರೂ ಅನ್ನಲಿಲ್ಲ. ಏಟು ತಿನ್ನುವುದು ನಾನು, ಶಹಬ್ಬಾಸ್ ಅವಕ್ಕೆ. ನನ್ನ ಹೊಟ್ಟೆ ಉರಿಯದೆ ಇನ್ನೇನಾದೀತು?

ಬಳಗದಿಂದ ಉತ್ತರ ಬಂತು. ಬಣ್ಣ ಚೆಂದ, ಡೊಳ್ಳು ಚೆಂದ, ಜಿಗಿತ ಮಾತ್ರ ತಾಳಕ್ಕೆ ಕೂಡುತ್ತಿಲ್ಲ, ಸರಿಮಾಡದಿದ್ದರೆ ಮಾಲೆಗೆ ಸೇರಿಸುವುದಿಲ್ಲ. ವಚನಾ ಮತ್ತೆ ಮತ್ತೆ ಆಡಿದಳು. ನನ್ನ ಮೇಲೆ ಎಲ್ಲವೂ ಸರಿಯಾಗಿಯೇ ಬರುತ್ತಿತ್ತು.

“ನಿನ್ನ ಮಿಂಚಿನಾಗ ಮುಳ್ಳ ಕಾಣವಲ್ಲವು ಮಂದಿಗೆ,” ಎಂದು ಫೋನಿನಲ್ಲಿ ಫರ್ಹಾನಾಳನ್ನು ದಬಾಯಿಸಿದಳು. ಅವಳು ಮುನಿಸಿಕೊಂಡೇ ನವಿಲು ತೆಗೆದಳು, ಬಳ್ಳಿ ತೆಗೆದಳು. ಮಾನಿಟರಿನ ಮೋರೆ ಬೋಳಾಯಿತು. ನನಗೆ ಹಾಲು ಕುಡಿದಷ್ಟು ಸಂತೋಷ. ಆಮೇಲೆ ಡೊಳ್ಳಿನ ಸದ್ದೂ ಇಳಿಯಿತು. ಸ್ಪೀಕರ್ ಮುಲುಗತೊಡಗಿದಾಗ ನನಗೆ ಹಬ್ಬ. ಆದರೆ ಒಂದು ಮಾತು ಹೇಳಲೇಬೇಕು. ಡೊಳ್ಳು ಕುಗ್ಗಿದ ಮೇಲೆ ವಚನಾಳ ಹೆಬ್ಬೆರಳಿನ ಹುರುಪೂ ಕುಗ್ಗಿತು. ಅವಳು ನನ್ನನ್ನು ಬೇಕೋ ಬೇಡವೋ ಎಂಬಂತೆ ಒತ್ತುತ್ತಿದ್ದಳು. ನೆರೆಯವರು ಸೊರಗಿದರೆ ನನ್ನ ಬೆಲೆ ಏರುತ್ತದೆ ಎಂದುಕೊಂಡಿದ್ದೆ. ಆಟವೇ ಸಪ್ಪೆಯಾಯಿತು. ಬಳಗದವರ ದೂರು ಮಾತ್ರ ಹಾಗೇ ಇತ್ತು.

ಕೊನೆಗೊಂದು ಸಂಜೆ ಫರ್ಹಾನಾ ಮನೆಗೇ ಬಂದಳು. ಕೈಬೆರಳಲ್ಲಿ ಇನ್ನೂ ಮೆಹಂದಿ ಕೆಂಪು, ಮುಖದಲ್ಲಿ ಸಿಟ್ಟಿನ ಕೆಂಪು.

“ಎಲ್ಲಾ ನನ್ನ ಬಣ್ಣದ ತಪ್ಪಂದ್ರ ನೀ ಒಬ್ಬಾಕೀನ ಮಾಡ್ಕೊ. ನಾ ಇನ್ನ ಬರಂಗಿಲ್ಲ,” ಎಂದಳು.

“ಹೋಗಾಕಿ ಒಮ್ಮೆ ಆಡಿ ನೋಡಿ ಹೋಗು,” ಎಂದಳು ವಚನಾ. ಎದ್ದು ಕುರ್ಚಿ ಬಿಟ್ಟುಕೊಟ್ಟಳು.

ಫರ್ಹಾನಾ ಕೂತು ಆಡಿದಳು. ಒಂದಾದ ಮೇಲೊಂದು ಮುಳ್ಳು ದಾಟುತ್ತ ಹೋದಂತೆ ಅವಳ ಹುಬ್ಬು ಮೇಲೇರಿತು.

“ನಮ್ಮನ್ಯಾಗ ಮೊದಲನೇ ಮುಳ್ಳಿಗೇ ಸಾಯ್ತೀನಿ. ಇಲ್ಲಿ ಹ್ಯಾಂಗ ಬರಾಕತ್ತೈತಿ?”

ಆಟ ನಿಲ್ಲಿಸಿ ನನ್ನ ಸ್ಪೇಸ್‌ಬಾರನ್ನು ಮೆಲ್ಲಗೆ ಒತ್ತಿ ಬಿಟ್ಟಳು. ಮತ್ತೆ ಒತ್ತಿದಳು.

“ಅಯ್ಯ ಇವ್ಳ! ವಚನಾ, ಇದು ಅಂಟಾಕತ್ತೈತಲೇ! ನೀ ತಾಳಕ್ಕ ಒತ್ತಿದ್ರ ಇದು ತಡಾ ಮಾಡಿ ಗೆರಿ ಹಾಕೇತಿ. ಎಲ್ಲಾ ಮುಳ್ಳೂ ಸರದು ನಿಂತಾವ. ನೀ ಮಂದಿಗೆ ಅಲ್ಲ, ಈ ಒಬ್ಬ ಮುದುಕಗ ಅಂತ ಲೆವೆಲ್ ಕಟ್ಟೀಯಲ್ಲ!”

ವಚನಾ ಬಾಯಿಗೆ ಕೈ ಅಡ್ಡ ಹಿಡಿದಳು. “ಹಂಗಾದ್ರ ನಿನ್ನ ಬಣ್ಣದ್ದೇನೂ ಇಲ್ಲ... ತಪ್ಪಾತಲೇ.”

ಇಬ್ಬರೂ ನಕ್ಕರು, ಒಬ್ಬರನ್ನೊಬ್ಬರು ಗುದ್ದಿಕೊಂಡರು. ಅವರಿಗಿಂತ ಹೆಚ್ಚು ಖುಷಿಪಟ್ಟದ್ದು ನಾನು. ಲೋಕದ ಯಾವ ಕೈಗೂ ಬಗ್ಗದ ಲೆವೆಲ್ ನನಗೆ ಮಾತ್ರ ಬಗ್ಗುತ್ತದೆ! ಕೇಳಿಸಿತೇನೋ ಮಾನಿಟರ್? ಕೇಳಿಸಿತೇನೋ ಸ್ಪೀಕರ್?

ಆ ಖುಷಿಗೆ ಆಯಸ್ಸಿರಲಿಲ್ಲ. ಮರುದಿನವೇ ಹೊಸ ಕೀಬೋರ್ಡ್ ಬಂತು. ಗುಂಡಿ ಗುಂಡಿಗೂ ಅಡಿಯಲ್ಲಿ ಬಣ್ಣದ ದೀಪ ಅದಕ್ಕೆ. ಥೂ, ಕೀಬೋರ್ಡೋ, ಮದುವೆ ಚಪ್ಪರವೋ! ನನ್ನ ವಯರನ್ನು ನನಗೇ ಸುತ್ತಿ ಕಪಾಟಿನ ಮೇಲಿಟ್ಟರು. ಆ ಮೇಜಿನ ಜಾಗವೊಂದು ಕೈತಪ್ಪಬಾರದಿತ್ತು, ತಪ್ಪಿತು. ಕಪಾಟಿನ ಮೇಲಿಂದಲೇ ಎಲ್ಲವನ್ನೂ ಕಣ್ಣಾರೆ ನೋಡಿದೆ. ಹೊಸದರ ಮೇಲೆ ತಾಳ ಕುಟ್ಟಿ ಗೆರೆ ಹಾಕಿದರು, ಮುಳ್ಳು ಸರಿಸಿ ನೆಟ್ಟರು. ನವಿಲು ಮರಳಿ ಬಂತು, ಮುಳ್ಳಿಗೆ ಮಾತ್ರ ಅಡ್ಡ ಬರದೆ ಬದಿಗೆ ನಿಂತಿತು. ಡೊಳ್ಳು ಮತ್ತೆ ಗುಡುಗಿತು. ಲೆವೆಲ್ ಮಾಲೆಗೆ ಸೇರಿತು. ಬಳಗದವರ ಮಾತನ್ನು ಫರ್ಹಾನಾ ಗಟ್ಟಿಯಾಗಿ ಓದಿದಳು: ಬಣ್ಣ, ಡೊಳ್ಳು ಎಲ್ಲ ಸೊಗಸು, ಎಲ್ಲಕ್ಕಿಂತ ಸೊಗಸು ಜಿಗಿತ.

ಜಿಗಿತ! ನಾನು ಬಾಳೆಲ್ಲ ಕಾದಿದ್ದ ಮಾತು. ಅದು ಬಂದ ದಿನ ಅವಳ ಹೆಬ್ಬೆರಳಿನಡಿ ಇದ್ದದ್ದು ಆ ದೀಪದ ಗೊಂಬೆ.

“ಹಳೇ ಲೆವೆಲ್ ಅಳಸಲೇನು?” ಎಂದಳು ಫರ್ಹಾನಾ.

“ಬ್ಯಾಡ, ಇರ್ಲಿ,” ಎಂದು ವಚನಾ ಅದನ್ನೊಮ್ಮೆ ಹೊಸದರ ಮೇಲೆ ಆಡಿದಳು. ಮೊದಲ ಮುಳ್ಳಿಗೇ ಚೂರಾಯಿತು. ಮತ್ತೆ ಚೂರಾಯಿತು. “ಇದಕ್ಕ ಆ ಮುದುಕನ ಬೇಕಲೇ,” ಎಂದು ನಕ್ಕು ಬಿಟ್ಟಳು. ಕಪಾಟಿನ ಮೇಲೆ ನಾನು ಎಷ್ಟು ನಕ್ಕೆನೆಂದು ಯಾರಿಗೂ ಗೊತ್ತಿಲ್ಲ.

ಈಗ ಕಂಪ್ಯೂಟರೇ ಬದಲಾಗಿದೆ. ನನ್ನ ದುಂಡು ಪಿನ್ನು ಹೋಗುವ ತೂತೇ ಅದರಲ್ಲಿಲ್ಲ. ಹಾಗಾಗಿ ಆ ಹಳೆಯ ಲೆವೆಲ್ಲನ್ನು ಇನ್ನು ಯಾರೂ ದಾಟಲಾರರು. ಆ ದೀಪದ ಗೊಂಬೆಯಂತೂ ಅಲ್ಲವೇ ಅಲ್ಲ. ಅದು ನನಗೆ ಸಮಾಧಾನವೇ. ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಬೇಡಿ. ಕೆಳಗೆ ಡೊಳ್ಳು ಶುರುವಾದರೆ ಇವತ್ತಿಗೂ ಮೈ ಉರಿಯುತ್ತದೆ.

ಮೊನ್ನೆ ವಚನಾ ಕಪಾಟು ಒರೆಸಲು ಸ್ಟೂಲ್ ಹತ್ತಿದಳು. ಬಾಯಲ್ಲಿ ಅದೇ ಡೊಳ್ಳಿನ ತಾಳ ಗುನುಗುತ್ತಿತ್ತು. ಬಟ್ಟೆ ಆಡಿಸುತ್ತಿದ್ದ ಕೈ ನನ್ನ ಮೇಲೆ ನಿಂತಿತು. ಹೆಬ್ಬೆರಳು ಸ್ಪೇಸ್‌ಬಾರನ್ನು ಹುಡುಕಿ, ತಾಳಕ್ಕಿಂತ ಒಂದು ಚೂರು ಮುಂಚೆಯೇ ಒತ್ತಿತು. ನಾನು ಎಂದಿನಂತೆ ತಡಮಾಡಿ ‘ಟಕ್’ ಎಂದೆ. ತಾಳಕ್ಕೆ ಸರಿಯಾಗಿ ಕೂತಿತು.