ಗಾಳಿಯಲ್ಲಿ ಅಪ್ಪನ ಕೈ

ಅಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ, ಆಗಲೇ ಮತ್ತೆ ಮಾತಾಡೋಕೆ ಶುರು ಮಾಡಿದ. ಮಾತು ಅಂದರೆ ಬಾಯಿಮಾತಲ್ಲ. ಬಾಯಿಮಾತು ಅವನಿಗೆ ಬದುಕಿದ್ದಾಗಲೂ ಅಷ್ಟಕ್ಕಷ್ಟೇ. ಅಳಿಯನಿಗೆ "ಊಟ ಆಯ್ತಾ" ಅನ್ನುವಷ್ಟರಲ್ಲಿ ಸುಸ್ತಾಗಿಬಿಡುತ್ತಿದ್ದ. ಅವನ ಮಾತೆಲ್ಲ ಹವ್ಯಾಸಿಗಳ ಹ್ಯಾಮ್ ರೇಡಿಯೋದಲ್ಲಿ, ಅದೂ ಮೋರ್ಸ್ ಸಂಕೇತದಲ್ಲಿ. ಗಿಡ್ಡ ಸದ್ದಿಗೆ ಚುಕ್ಕಿ, ಉದ್ದ ಸದ್ದಿಗೆ ಗೀಟು. ಸದ್ದು ಕಳಿಸುವ ಗುಂಡಿ, ಅಂದರೆ ಕೀ, ಅದರ ಮೇಲೆ ಬೆರಳಿಟ್ಟರೆ ಸಾಕು, ಮುಖ ನೋಡದವರ ಜೊತೆ ಗಂಟೆಗಟ್ಟಲೆ ಹರಟುತ್ತಿದ್ದ ಮಹರಾಯ.

ಅವನ ಮಗಳನ್ನು ಬೀದಿಯವರೆಲ್ಲ ಹಲ್ಲಕ್ಕ ಅಂತಲೇ ಕರೆಯುವುದು. ದಂತವೈದ್ಯರಿಗೆ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವುದು ಅವಳ ಕೆಲಸ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ: ಕಿಟಕಿಯ ಹತ್ತಿರ ಉದ್ದನೆ ಬೆಂಚು, ಅದರ ತುಂಬ ಯಾರ್‍ಯಾರದೋ ದವಡೆಯ ಪ್ಲಾಸ್ಟರ್ ಅಚ್ಚು, ಗುಲಾಬಿ ಬಣ್ಣದ ಮೇಣ, ಮೇಣ ಕರಗಿಸುವ ಸಣ್ಣ ಸ್ಪಿರಿಟ್ ದೀಪ. ಒಂದು ಅಚ್ಚು ಕೈಗೆ ಕೊಟ್ಟರೆ ಈ ಮನುಷ್ಯ ಒಂದೇ ಕಡೆ ಅಗಿಯುತ್ತಾನೆ, ನಿದ್ದೆಯಲ್ಲಿ ಹಲ್ಲು ಕಡಿಯುತ್ತಾನೆ ಅಂತ ಹೇಳಿಬಿಡುತ್ತಿದ್ದಳು. ದೆವ್ವ ಭೂತ ಅಂದರೆ ಮೂಗು ಮುರಿಯುವ ಹೆಂಗಸು. ಅಂಥವಳಿಗೇ ಹೀಗಾಯಿತು ನೋಡಿ.

ಹಿಂದಿನ ಕೋಣೆಯಲ್ಲಿ ಅಪ್ಪನ ರೇಡಿಯೋ ಸೆಟ್ಟು ಹಾಗೇ ಇತ್ತು. ಥಂಡಿ ಹಿಡಿದು ಕೆಡದಿರಲಿ ಅಂತ ಆಗಾಗ ಆನ್ ಮಾಡಿ ಬೆಚ್ಚಗೆ ಮಾಡುತ್ತಿದ್ದಳು. ಒಂದು ಸಂಜೆ ಹಾಗೇ ಆನ್ ಮಾಡಿ ಧೂಳು ಒರೆಸುತ್ತಿದ್ದಾಗ ಕರಕರ ಸದ್ದಿನ ನಡುವೆ ಅಪ್ಪನ ಕಾಲ್ ಸೈನ್ ಕೇಳಿಸಿತು. ಕಾಲ್ ಸೈನ್ ಅಂದರೆ ಸರ್ಕಾರ ಕೊಡುವ ರೇಡಿಯೋ ಹೆಸರು. ಜಗತ್ತಿನಲ್ಲಿ ಇನ್ನೊಬ್ಬರಿಗೆ ಅದು ಇರುವ ಹಾಗಿಲ್ಲ. ಕೀ ಒತ್ತುವುದನ್ನು ಅವಳು ಯಾವತ್ತೂ ಕಲಿತಿರಲಿಲ್ಲ, ಆದರೆ ಗೋಡೆಯಾಚೆಯಿಂದ ಕೇಳಿ ಕೇಳಿ ಕಿವಿಗೆ ಮೋರ್ಸ್ ಬರುತ್ತಿತ್ತು. ಅಪ್ಪನ ಹೆಸರನ್ನಂತೂ ನಿದ್ದೆಯಲ್ಲೂ ಗುರುತು ಹಿಡಿಯುತ್ತಿದ್ದಳು.

ಹೆಸರೊಂದೇ ಆಗಿದ್ದರೆ ಯಾರೋ ಕಿಡಿಗೇಡಿ ಅಂತ ಬೈದು ಸುಮ್ಮನಾಗುತ್ತಿದ್ದಳು. ಆದರೆ ಕೈಯೂ ಅಪ್ಪನದೇ. ಸಾಯುವುದಕ್ಕೆ ಕೆಲವು ವರ್ಷ ಮುಂಚೆ ಅವನು ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದ. ಮೂಳೆ ಕೂಡಿತು, ನೋವು ಹೋಗಲಿಲ್ಲ. ಅಲ್ಲಿಂದ ಅವನು ಹೆಸರಿನ ಕೊನೆಯ ಗೀಟನ್ನು ಒತ್ತಿದರೆ ಕೈ ಎತ್ತುವುದು ತಡವಾಗುತ್ತಿತ್ತು, ಸದ್ದು ಒಂಚೂರು ಎಳೆಯುತ್ತಿತ್ತು. ಆ ಎಳೆತ, ಅದೇ ಎಳೆತ, ಈಗ ಸೆಟ್ಟಿನಿಂದ ಬರುತ್ತಿತ್ತು. ಧೂಳಿನ ಬಟ್ಟೆ ಕೈಯಲ್ಲಿ ಹಿಡಿದೇ ಅಲ್ಲೇ ನೆಲದ ಮೇಲೆ ಕೂತು ಕೇಳಿದಳು.

ಅವಳ ಗಂಡ ಶಾಲಾ ಬಸ್ಸಿನ ಡ್ರೈವರ್, ಎಂಥದ್ದಕ್ಕೂ ಹೆದರದವನು. ಮರುದಿನ ಸಂಜೆ ಅವನೂ ಕೇಳಿದ. ಅವನಿಗೆ ಚುಕ್ಕಿ ಯಾವುದು ಗೀಟು ಯಾವುದು ತಿಳಿಯದು, ಆದರೂ ಆ ಕೊನೆಯ ಎಳೆತ ಬಂದಾಗ ತೋಳಿನ ರೋಮ ನೆಟ್ಟಗಾಯಿತು.

"ಮಾವನೇ ಕಣೇ," ಅಂದ. "ಊಟಕ್ಕೆ ಕರೆದ್ರೂ ಏಳ್ತಿರ್ಲಿಲ್ಲ, ಹೋದಮೇಲೂ ಎದ್ದಿಲ್ಲ."

"ತಮಾಷೆ ಮಾಡಬೇಡ್ರೀ. ನಂಗೆ ಅಳು ಬರ್ತಿದೆ."

"ಅಳೋದ್ಯಾಕೆ? ಆ ಗುಂಡಿ ಒತ್ತಿ ಯಾರು ಅಂತ ಕೇಳ್ಬಿಡು."

"ಲೈಸೆನ್ಸ್ ಇಲ್ಲದೆ ಒತ್ತಿದ್ರೆ ಸೆಟ್ಟೇ ಎತ್ಕೊಂಡು ಹೋಗ್ತಾರೆ. ಆಮೇಲೆ ಕೇಳೋದೂ ಇಲ್ಲ."

ಅದೇ ಅವಳ ಎದೆಗೆ ಕೂತ ಭಯ. ಯಾರಾದರೂ ಇರಲಿ, ಏನಾದರೂ ಇರಲಿ, ಅದು ದಿನಾ ಸಂಜೆ ಬರುತ್ತಿತ್ತು. ಅದು ನಿಂತುಹೋಗಬಾರದು. ಆದರೆ ಒಂದೇ ಒಂದು ಸಲ ಅದರ ಜೊತೆ ಮಾತಾಡಬೇಕು, ಅಪ್ಪಾ ನೀನೇನಾ ಅಂತ ಕೇಳಬೇಕು. ಆ ಒಂದು ಪ್ರಶ್ನೆಗೋಸ್ಕರ ಲೈಸೆನ್ಸ್ ಬೇಕಿತ್ತು.

ಲೈಸೆನ್ಸಿನ ಕಥೆಗಳನ್ನು ಹೇಳಲು ಕೂತರೆ ಅಪ್ಪನಿಗೆ ಹುಮ್ಮಸ್ಸು. ಒಂದು ದೇಶದಲ್ಲಂತೆ, ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆದರೆ ಸಾಕು, ಕಾಸೂ ಬೇಡ, ಸಾಯುವ ತನಕ ಹೆಸರು ನಿನ್ನದೇ. ಇನ್ನೊಂದರಲ್ಲಿ ವರ್ಷ ವರ್ಷ ಕಟ್ಟಬೇಕು, ಮರೆತೆಯೋ ಹೆಸರು ಬೇರೆಯವರ ಪಾಲು. ಎಷ್ಟೋ ಕಡೆ ಮೋರ್ಸ್ ಪರೀಕ್ಷೆಯನ್ನೇ ಕಿತ್ತು ಬಿಸಾಕಿದ್ದಾರೆ. ಇಲ್ಲಿ ಮಾತ್ರ ಅದೂ ಬೇಕು, ಜೊತೆಗೆ ಪೊಲೀಸರು ಬಂದು ಮನೆಯವರ ಜಾತಕವನ್ನೆಲ್ಲ ಜಾಲಾಡಬೇಕು. ಸಮುದ್ರದಾಚೆ ಒಂದು ದೇಶವಿದೆ, ಅಲ್ಲಿ ಲೈಸೆನ್ಸಿಗೆ ಕಟ್ಟುವ ದುಡ್ಡಿನಲ್ಲಿ ಹೊಸ ದೋಣಿ ಬರುತ್ತದೆ. ಅಷ್ಟು ಕಟ್ಟಿದರೂ ದೊಡ್ಡವರ ಶಿಫಾರಸಿಲ್ಲದೆ ಕೊಡುವುದಿಲ್ಲ, ಕದ್ದು ಒತ್ತಿದರೆ ನೇರ ಜೈಲು. "ಒಂದೇ ಗಾಳಿಗೆ ಎಷ್ಟು ಬಗೆ ಬೀಗ ನೋಡು," ಅಂತ ಅಪ್ಪ ನಗುತ್ತಿದ್ದ. ಅವನು ಈಗಿರುವ ದೇಶದ ಕಾನೂನು ಏನಿರಬಹುದು ಅಂತ ಅವಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನನ್ನೇ ಬೈದುಕೊಂಡಳು.

ಅವಳು ಅರ್ಜಿ ಹಾಕಿದಳು. ಪೊಲೀಸರು ಬಂದು ಟೀ ಕುಡಿದು ಜಾತಕ ಜಾಲಾಡಿ ಹೋದರು. ಕೀ ಒತ್ತುವುದನ್ನು ಕಲಿಸಲು ಯಾರೂ ಇರಲಿಲ್ಲ. ಸೆಟ್ಟಿಗೆ ಜೋಡಿಸದ ಬರೀ ಕೀ ಮುಂದಿಟ್ಟುಕೊಂಡು, ಸಂಜೆ ಹೆಡ್‌ಫೋನ್ ಹಾಕಿ, ಅದು ಒತ್ತಿದ ಹಾಗೇ ತಾನೂ ಒತ್ತುತ್ತ ಕೂತಳು. ಗಿರಾಕಿಗಳ ಹಲ್ಲು ತಡವಾಯಿತು. ಒಬ್ಬ ಮುದುಕಪ್ಪ ಬೊಚ್ಚುಬಾಯಲ್ಲೇ ಬಂದು ಜಗಳ ಮಾಡಿದ, ಅವನು ಬೈದಿದ್ದೇನು ಅಂತ ಯಾರಿಗೂ ತಿಳಿಯಲಿಲ್ಲ. ಮೂರು ತಿಂಗಳಲ್ಲಿ ಕೈ ಓಡತೊಡಗಿತು.

ಪರೀಕ್ಷೆಯ ಕಚೇರಿ ಎರಡನೇ ಮಹಡಿಯಲ್ಲಿ. ತೆಗೆದ ಕಿಟಕಿ, ಉದ್ದ ಮೇಜು, ಗೋಡೆಗೊರಗಿಸಿಟ್ಟ ಒಂದು ದೊಡ್ಡ ರಿಸೀವರ್. ಪರೀಕ್ಷೆ ಮಾಡುವ ಸಾಹೇಬರು ವಯಸ್ಸಾದವರು, ಕನ್ನಡಕವನ್ನು ಹಣೆಗೇರಿಸಿ ಕಣ್ಣು ಮುಚ್ಚಿ ಕೇಳುವವರು. ಬರವಣಿಗೆಯ ಪರೀಕ್ಷೆ ಸಲೀಸಾಗಿ ಮುಗಿಯಿತು. ಕೀ ಒತ್ತುವ ಪರೀಕ್ಷೆಯಲ್ಲಿ ಅವಳು ಎರಡು ಸಾಲು ಕಳಿಸುವಷ್ಟರಲ್ಲೇ ಅವರು ಕಣ್ಣು ಬಿಟ್ಟರು.

"ನಿಲ್ಸಿ. ಕೊನೇ ಗೀಟು ಹೀಗೆ ಎಳೆಯೋದನ್ನ ಎಲ್ಲಿ ಕಲಿತ್ರಿ?"

"ನಮ್ಮ ತಂದೆಯೋರ ಕೈ ಸಾರ್ ಅದು."

"ಗೊತ್ತು. ಅವರಿಗೆ ಪರೀಕ್ಷೆ ಮಾಡಿದವನೂ ನಾನೇ, ಎಷ್ಟೋ ವರ್ಷ ಅವರ ಜೊತೆ ಹರಟಿದವನೂ ನಾನೇ. ಅವರು ಹೋದಮೇಲೆ ಅವರ ಕಾಲ್ ಸೈನ್ ಗಾಳಿಯಲ್ಲಿದೆ ಅಂತ ನಂಗೆ ದೂರು ಬರ್ತಿದೆ. ಅವರು ಹೋದದ್ದು ಗೊತ್ತಿಲ್ಲದವರು ಹಾಯಾಗಿ ಮಾತಾಡ್ತಾರೆ, ಗೊತ್ತಿದ್ದವರು ಹೆದರಿ ಸೆಟ್ ಆಫ್ ಮಾಡ್ತಾರೆ. ಅದೇ ಎಳೆತ ಅಂತೆ. ಈಗ ನೋಡಿದ್ರೆ ನಿಮ್ಮ ಕೈಲೂ ಅದೇ. ಏನಮ್ಮ, ನನ್ನ ಕಿವಿಗೇ ಹೂ ಇಡ್ತೀರಾ?"

ಅಪ್ಪನಿಂದ ಕಲಿತದ್ದೇ ಅಪ್ಪನ ದಾರಿಗೆ ಅಡ್ಡ ಬಂದಿತ್ತು. ಲೈಸೆನ್ಸ್ ಹೋಗಲಿ, ಸಾಹೇಬರು ಮನಸ್ಸು ಮಾಡಿದರೆ ನಾಳೆಯೇ ಸೆಟ್ಟೂ ಹೋಗುತ್ತಿತ್ತು. ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು, ಸಿಟ್ಟು ಮುಂದಾಯಿತು.

"ಸಾರ್, ಅದು ಬರೋದು ಸಂಜೆ. ಅಲ್ಲೀತನಕ ನಾನು ಇಲ್ಲೇ ಕೂತಿರ್ತೀನಿ. ನನ್ನ ಎರಡೂ ಕೈ ನಿಮ್ಮ ಮೇಜಿನ ಮೇಲಿರ್ಲಿ. ಆಗ ಕೇಳಿ."

ಸಾಹೇಬರಿಗೆ ಆ ಮಾತು ಹಿಡಿಸಿತೋ, ಅಥವಾ ಅವಳ ಮುಖ ನೋಡಿ ಪಾಪ ಅನ್ನಿಸಿತೋ, ಹೂಂ ಅಂದರು. ಕಚೇರಿಯವರು ಒಬ್ಬೊಬ್ಬರೇ ಮೇಜಿಗೆ ಬೀಗ ಹಾಕಿ ಮನೆಗೆ ಹೋದರು. ಕಸ ಗುಡಿಸುವವಳು ಇವರಿಬ್ಬರ ಕಾಲ ಸುತ್ತ ಗುಡಿಸಿ, ಏನೂ ಕೇಳದೆ ಹೊರಟುಹೋದಳು. ಬಿಸಿಲು ಮೇಜಿನಿಂದ ಗೋಡೆಗೆ ಹೋಗಿ, ಗೋಡೆಯಿಂದಲೂ ಹೋಯಿತು. ಸಾಹೇಬರು ರಿಸೀವರ್ ಆನ್ ಮಾಡಿ ಅವಳು ಹೇಳಿದ ಜಾಗಕ್ಕೆ ತಿರುಗಿಸಿದರು. ಅವಳ ಎರಡೂ ಅಂಗೈ ಮೇಜಿನ ಮೇಲೆ ಬೋರಲಾಗಿದ್ದವು, ಬೆರಳಿನ ಸಂದಿಯಲ್ಲಿ ಇನ್ನೂ ಗುಲಾಬಿ ಮೇಣ ಅಂಟಿತ್ತು.

ಬರಲಿಲ್ಲ. ಇನ್ನೂ ಬರಲಿಲ್ಲ. ಸಾಹೇಬರು ಗಡಿಯಾರ ನೋಡಿ ಬಾಯಿ ತೆರೆದರು.

ಆಗ ಬಂತು. ಮೊದಲು ಮೆಲ್ಲಗೆ, ಆಮೇಲೆ ಪಕ್ಕದ ಕೋಣೆಯಲ್ಲೇ ಕೂತು ಒತ್ತಿದಷ್ಟು ಸ್ಪಷ್ಟವಾಗಿ. ಕೊನೆಯ ಗೀಟು ಎಳೆಯಿತು. ಸಾಹೇಬರು ಅವಳ ಕೈಗಳನ್ನೇ ನೋಡುತ್ತಿದ್ದರು. ಆ ಕೈ ಅಲುಗಿರಲಿಲ್ಲ. ಅವರು ಲೋಟ ಎತ್ತಿ ನೀರು ಕುಡಿದರು, ಲೋಟದಲ್ಲಿ ನೀರಿರಲಿಲ್ಲ.

"ನಿಮ್ಮ ತಂದೆಯ ಮಣ್ಣಿಗೆ ನಾನೂ ಬಂದಿದ್ದೆ ಕಣಮ್ಮ," ಅಂದರು.

"ಗೊತ್ತು ಸಾರ್. ನಾನೂ ಅಲ್ಲೇ ಇದ್ದೆ."

ಅವಳನ್ನು ಪಾಸು ಮಾಡಿದರು. ಆದರೆ ಒಂದು ಮಾತು ಹೇಳಿಯೇ ಕಳಿಸಿದರು: ಲೈಸೆನ್ಸ್ ಕೈಗೆ ಬಂದ ಮೇಲೆ ಅವಳೇ ಅದನ್ನು ಮಾತಾಡಿಸಿ, ಯಾರು ಅಂತ ತಿಳಿದು, ಅವರಿಗೆ ಹೇಳಬೇಕು. "ಮನುಷ್ಯರಾದ್ರೆ ಅವರ ದೇಶದ ಸರ್ಕಾರಕ್ಕೆ ಬರೀಲೇಬೇಕು. ಅವರು ಹಿಡ್ಕೊಳ್ತಾರೆ."

"ಮನುಷ್ಯರಲ್ದೇ ಹೋದ್ರೆ?"

ಸಾಹೇಬರು ದೀಪ ಆರಿಸಲು ಎದ್ದವರು ಆರಿಸದೆ ನಿಂತರು. "ಅದಕ್ಕೆ ನಮ್ಮಲ್ಲಿ ಕಾನೂನಿಲ್ಲ," ಅಂದರು.

ಲೈಸೆನ್ಸ್ ಬಂದ ಸಂಜೆ ಗಂಡನೂ ಬಸ್ಸು ನಿಲ್ಲಿಸಿ ಬೇಗ ಬಂದ. ಅವಳು ಮುಖ ತೊಳೆದು, ತಲೆ ಬಾಚಿ ಬಂದು ಕೂತಳು. ಯಾರು ನೋಡುತ್ತಾರೆ ಅಂತ ಗಂಡ ಕೇಳಲಿಲ್ಲ. ಅಪ್ಪನ ಹೆಸರು ಬಂತು. ಅದು ಮುಗಿದ ಮೇಲೆ ಅವಳು ಕೀ ಒತ್ತಿ ಅಪ್ಪನ ಹೆಸರನ್ನು ಕರೆದು, ತನ್ನ ಹೊಸ ಹೆಸರನ್ನು ಹೇಳಿದಳು.

ಬಹಳ ಹೊತ್ತು ಬರೀ ಕರಕರ. ಆಮೇಲೆ: "ನೀವು ಯಾರು?"

"ನೀವು ಹೇಳಿದ ಹೆಸರಿನವರ ಮಗಳು."

ಅಪ್ಪಾ ನೀನೇನಾ ಅನ್ನುವ ಪ್ರಶ್ನೆ ಬೆರಳ ತುದಿಗೆ ಬಂದು ನಿಂತಿತ್ತು. ಅಷ್ಟರಲ್ಲಿ ಆ ಕಡೆಯಿಂದ ಗಡಿಬಿಡಿಯ ಸದ್ದು: "ಕ್ಷಮಿಸಿ. ದಯವಿಟ್ಟು ಕ್ಷಮಿಸಿ. ಮೇಷ್ಟ್ರು ಹೇಗಿದ್ದಾರೆ?"

ಮೇಷ್ಟ್ರು ಹೇಗಿದ್ದಾರೆ ಅಂತ ಅಪ್ಪ ಕೇಳುವುದಿಲ್ಲ. ಅಷ್ಟು ಸಾಕಾಯಿತು. ಅಪ್ಪನನ್ನು ಮಣ್ಣು ಮಾಡಿದ ದಿನಕ್ಕಿಂತ ಇದು ಕಷ್ಟವಾಯಿತು. ಆವತ್ತು ಮನೆತುಂಬ ಜನರಿದ್ದರು, ಕೆಲಸವಿತ್ತು. ಈಗ ಕೈಯಲ್ಲಿ ಒಂದು ಕೀ ಬಿಟ್ಟರೆ ಏನೂ ಇರಲಿಲ್ಲ. ಗಂಡ ಹೆಗಲ ಮೇಲೆ ಕೈಯಿಟ್ಟ.

ಆ ಕಡೆಯವನು ಒಂದೊಂದೇ ಮಾತು ಕಳಿಸಿದ. ಬಂದರಿನಲ್ಲಿ ದೋಣಿ ರಿಪೇರಿ ಮಾಡುವವನಂತೆ. ಒಡೆದ ದೋಣಿಗಳ ರೇಡಿಯೋ ಬಿಚ್ಚಿ ತಾನೇ ಸೆಟ್ಟು ಕಟ್ಟಿಕೊಂಡನಂತೆ. ಅವನ ದೇಶದಲ್ಲಿ ಅವನಂಥವರಿಗೆ ಏಳು ಜನ್ಮಕ್ಕೂ ಲೈಸೆನ್ಸ್ ಸಿಗುವುದಿಲ್ಲ. ಹೆಸರಿಲ್ಲದೆ ಕದ್ದು ಒತ್ತುತ್ತಿದ್ದವನನ್ನು ಅಪ್ಪ ಬೈಯದೆ ಮಾತಾಡಿಸಿ, ಸಂಜೆ ಸಂಜೆ ಪಾಠ ಹೇಳಿದನಂತೆ. "ಮೇಷ್ಟ್ರು ಹೇಳಿದರು: ನಾನು ಗಾಳಿಯಲ್ಲಿಲ್ಲದ ದಿನ ನನ್ನ ಹೆಸರು ನೀನು ಇಟ್ಟುಕೋ, ನಾನು ಬಂದ ದಿನ ಸುಮ್ಮನಿರು. ಅದಕ್ಕೇ ದಿನಾ ಮೊದಲು ಕಾಯುತ್ತೇನೆ. ಅವರು ಬರಲಿಲ್ಲ ಅಂತ ಖಾತ್ರಿಯಾದ ಮೇಲೇ ಒತ್ತುತ್ತೇನೆ. ಈಚೆಗೆ ಅವರು ಬರುತ್ತಲೇ ಇಲ್ಲ."

ಅವಳು ಕೇಳಿದಳು: "ಕೊನೆಯ ಗೀಟು ಯಾಕೆ ಎಳೆಯುತ್ತೀರಿ?"

"ಅದು ಹಾಗೇ ಅಲ್ಲವೇ? ಮೇಷ್ಟ್ರು ಹಾಗೇ ಒತ್ತುತ್ತಾರೆ. ಅದು ಕೈಗೆ ಕೂರಲು ನನಗೆ ಒಂದು ಚಳಿಗಾಲ ಹಿಡಿಯಿತು."

ಮುರಿದ ಕೈಯ ನೋವನ್ನು ಈ ಪುಣ್ಯಾತ್ಮ ಪಾಠ ಅಂತ ಕಲಿತಿದ್ದ. ಅವಳಿಗೆ ನಗು ಬಂತು, ನಗುತ್ತ ನಗುತ್ತ ಗಳಗಳ ಅತ್ತುಬಿಟ್ಟಳು. ಗಂಡ ಗಾಬರಿಯಾಗಿ ಏನಂತೆ ಏನಂತೆ ಅಂದ. ಹೇಳಿದಳು.

"ಹಾಗಾದ್ರೆ ಇದ್ದದ್ದು ಹೇಳ್ಬಿಡು ಅವನಿಗೆ," ಅಂದ ಗಂಡ. "ಪಾಪ, ಕಾಯ್ತಾನೆ."

"ಹೇಳಿದ್ರೆ ಇನ್ನು ಅಪ್ಪನ ಹೆಸರು ಒತ್ತಲ್ಲ ಅವನು. ಅಷ್ಟು ಮರ್ಯಾದಸ್ಥ. ಆಮೇಲೆ ನಾನೇನು ಕೇಳ್ಲಿ?"

ಆ ಕಡೆಯಿಂದ ಮತ್ತೆ ಸದ್ದು: "ಮೇಷ್ಟ್ರು ಇವತ್ತು ಬರುತ್ತಾರಾ?"

ಅವಳು ಕಣ್ಣೊರೆಸಿಕೊಂಡು ಒತ್ತಿದಳು: "ಇವತ್ತು ಬರೋದಿಲ್ಲ. ನೀವು ಮುಂದುವರಿಸಿ."

ಮಾರನೆಯ ಬೆಳಿಗ್ಗೆ ಸಾಹೇಬರ ಫೋನ್ ಬಂತು. ಅವಳು ಯಾರದೋ ಮೇಲ್ದವಡೆಗೆ ಮೇಣ ಹಾಕುತ್ತಿದ್ದಳು.

"ಮಾತಾಡಿಸಿದ್ರಾ? ಯಾರಮ್ಮ ಅದು?"

"ನಮ್ಮಪ್ಪನೇ ಸಾರ್."

ಸಾಹೇಬರು ನಂಬಿದರೋ, ನಂಬಿದ ಹಾಗೆ ಮಾಡಿದರೋ, ಅವಳಿಗೆ ಇಂದಿಗೂ ತಿಳಿಯದು. "ಸರಿ ಬಿಡಮ್ಮ. ನಾನು ಕೇಳ್ದೆ ಅಂತ ಹೇಳಿ," ಅಂದು ಫೋನ್ ಇಟ್ಟರು.

ಅಂದು ಸಂಜೆ ದೋಣಿಯವನು ನೇರವಾಗಿ ಅಪ್ಪನ ಹೆಸರು ಒತ್ತಲಿಲ್ಲ. ಕೇಳುವುದಕ್ಕೆ ಮನೆಯವರೇ ಸಿಕ್ಕಿದ್ದಾರಲ್ಲ. ಮೊದಲು ಅವಳನ್ನು ಕರೆದು, ಮೇಷ್ಟ್ರು ಇವತ್ತಾದರೂ ಬರುತ್ತಾರಾ ಅಂತ ಕೇಳಿದ. ಒಂದು ಸಲ ಹೇಳಿದರೆ ಮುಗಿಯಿತು ಅಂದುಕೊಂಡಿದ್ದಳು ಅವಳು. ಇನ್ನು ಇವನು ದಿನಾ ಕೇಳುತ್ತಾನೆ, ದಿನಾ ತಾನೇ ತನ್ನ ಬೆರಳಿನಲ್ಲಿ ಇಲ್ಲ ಅನ್ನಬೇಕು. ಕೀ ಮೇಲಿಂದ ಕೈ ತೆಗೆದಳು. ಆಮೇಲೆ, "ಇವತ್ತೂ ಇಲ್ಲ," ಅಂತ ಒತ್ತಿದಳು. ಒತ್ತಿ, ಹೆಡ್‌ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಅದುಮಿ ಹಿಡಿದು, ಅಪ್ಪ ಬರುವುದನ್ನೇ ಕಾಯುತ್ತ ಕೂತಳು.